ಅಳಿವೆಯ ಉಬ್ಬರದಿಂದ ಕಪ್ಪುಕುಳಿಯವರೆಗೆ: ಗುರುತ್ವದ ಏರುಪೇರು

ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವ ಮಂಗಳೂರಿನ ಅಳಿವೆಯಲ್ಲಿ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಬೇಸಿಗೆಯಲ್ಲಿ ನದಿಯ ಹರಿವು ಸೊರಗಿದಾಗ ಉಬ್ಬರದ ಜೊತೆ ಕಡಲಿನ ಉಪ್ಪುನೀರು ಹೊಳೆಯೊಳಗೆ ಬಹುದೂರ ಹಿಮ್ಮುಖವಾಗಿ ನುಗ್ಗಿ ದಡದ ಬಾವಿಗಳ ನೀರನ್ನೂ ಸಪ್ಪೆಯಾಗಿ ಉಳಿಯಗೊಡುವುದಿಲ್ಲ. ಇಳಿತದ ಹೊತ್ತಿಗೆ ಮರಳ ದಿಬ್ಬಗಳು ಮೇಲೆ ಕಾಣಿಸಿಕೊಳ್ಳುತ್ತವೆ; ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಮೊಣಕಾಲಿನ ತನಕದ ನೀರಿಗೆ ಇಳಿಯುತ್ತಾರೆ. ಹೂಳು ತುಂಬಿದ ಅಳಿವೆಯಾದರೆ ದೋಣಿಗಳು ನೀರು ಏರುವುದನ್ನೇ ಕಾದು ಒಳಬರುತ್ತವೆ. ಮಲ್ಪೆಯಿಂದ ಉಳ್ಳಾಲದವರೆಗೆ ಕರಾವಳಿಯ ಬದುಕು ಹೊಂದಿಕೊಂಡಿರುವ ಈ ಲಯಕ್ಕೆ ಕಾರಣ ಚಂದ್ರನ ಸೆಳೆತ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು.

ಆ ಮಾತು ಸುಳ್ಳಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಚಂದ್ರನು ನೀರನ್ನು ತನ್ನತ್ತ ಎಳೆಯುವುದೇ ಉಬ್ಬರಕ್ಕೆ ಕಾರಣವಾದರೆ ಭೂಮಿಯ ಒಂದು ಸುತ್ತಿನಲ್ಲಿ ಒಂದೇ ಉಬ್ಬರ ಬರಬೇಕಿತ್ತು. ಚಂದ್ರನು ನಮ್ಮ ಕಾಲಡಿಯಲ್ಲಿ, ಭೂಮಿಯ ಆಚೆ ಬದಿಯಲ್ಲಿರುವಾಗಲೂ ನೀರು ಏಕೆ ಏರುತ್ತದೆ? ಎರಡನೆಯದಾಗಿ, ಭೂಮಿಯ ಮೇಲೆ ಸೂರ್ಯನ ಸೆಳೆತವು ಚಂದ್ರನ ಸೆಳೆತಕ್ಕಿಂತ ಸುಮಾರು 178 ಪಟ್ಟು ಹೆಚ್ಚು. ಹಾಗಿದ್ದರೂ ಸೂರ್ಯನು ಎಬ್ಬಿಸುವ ಉಬ್ಬರ ಚಂದ್ರನ ಉಬ್ಬರದ ಅರ್ಧಕ್ಕಿಂತಲೂ ಕಡಿಮೆ. ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ. ಆ ಉತ್ತರವನ್ನು ಸರಿಯಾಗಿ ಹಿಡಿದವರಿಗೆ ಶನಿಯ ಬಳೆಗಳು, ಗುರುವಿನ ಚಂದ್ರನ ಜ್ವಾಲಾಮುಖಿಗಳು, ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತ, ಕಪ್ಪುಕುಳಿ ಎಲ್ಲವೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. ಗುರುತ್ವವನ್ನು ಅರಿಯಲು ಮರದಿಂದ ಬೀಳುವ ಹಣ್ಣಿಗಿಂತ ಕಡಲಿನ ಉಬ್ಬರವೇ ಒಳ್ಳೆಯ ಗುರು ಎಂದು ನಾನು ನಂಬಿದ್ದೇನೆ.

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮ ಸರಳವಾಗಿದೆ. ದ್ರವ್ಯರಾಶಿಯುಳ್ಳ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಸೆಳೆಯುತ್ತದೆ; ದ್ರವ್ಯರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚು, ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದಕ್ಕೆ. ನೆಲದ ಬಳಿ ಕೈಬಿಟ್ಟ ಕಲ್ಲು ಮೊದಲ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಅರುವತ್ತು ಪಟ್ಟು ಹೆಚ್ಚು ದೂರದಲ್ಲಿರುವ ಚಂದ್ರ ಅದೇ ಒಂದು ಸೆಕೆಂಡಿನಲ್ಲಿ ತನ್ನ ನೇರ ದಾರಿಯಿಂದ ಭೂಮಿಯ ಕಡೆಗೆ ಬೀಳುವುದು 1.4 ಮಿಲಿಮೀಟರಿನಷ್ಟು, ಅಂದರೆ ಸುಮಾರು 3,600ನೆಯ ಒಂದು ಭಾಗ. ಹೀಗೆ ಬೀಳುತ್ತಲೇ ಮುಂದಕ್ಕೂ ಸಾಗುವುದರಿಂದ ಅದು ನೆಲ ಮುಟ್ಟದೆ ಸುತ್ತುತ್ತದೆ. ನ್ಯೂಟನ್ ಅವರ ದೊಡ್ಡತನವಿರುವುದು ನೆಲದ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ ಎಂದು ಲೆಕ್ಕದಲ್ಲಿ ತೋರಿಸಿಕೊಟ್ಟದ್ದರಲ್ಲಿ. ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಸಂಗತಿಯೂ ಈ ನಿಯಮದಲ್ಲಿದೆ: ಭೂಮಿಯೂ ಚಂದ್ರನತ್ತ ಬೀಳುತ್ತಿದೆ. ಎರಡೂ ಒಂದು ಸಾಮಾನ್ಯ ಕೇಂದ್ರವನ್ನು ಸುತ್ತುತ್ತವೆ, ಆ ಕೇಂದ್ರ ಭೂಮಿಯ ಒಡಲೊಳಗೇ ಇದೆ.

ಈಗ ಉಬ್ಬರಕ್ಕೆ ಬರೋಣ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಹಾಗಾಗಿ ಚಂದ್ರನಿಗೆ ಮುಖಮಾಡಿರುವ ಬದಿಯ ನೀರು ಭೂಮಿಯ ಕೇಂದ್ರಕ್ಕಿಂತ ಚಂದ್ರನಿಗೆ ಅಷ್ಟು ಹತ್ತಿರ, ಆಚೆ ಬದಿಯ ನೀರು ಅಷ್ಟೇ ದೂರ. ಲೆಕ್ಕ ಹಾಕಿದರೆ ಈಚೆ ಬದಿಯಲ್ಲಿ ಚಂದ್ರನ ಸೆಳೆತ ಕೇಂದ್ರದಲ್ಲಿರುವುದಕ್ಕಿಂತ ಶೇಕಡ 3.4ರಷ್ಟು ಹೆಚ್ಚು, ಆಚೆ ಬದಿಯಲ್ಲಿ ಶೇಕಡ 3.2ರಷ್ಟು ಕಡಿಮೆ. ಇಡೀ ಭೂಮಿ ಒಟ್ಟಾಗಿ ಚಂದ್ರನತ್ತ ಬೀಳುತ್ತಿರುವುದರಿಂದ ಎಲ್ಲ ಭಾಗಗಳಿಗೂ ಸಮಾನವಾದ ಸೆಳೆತ ನಮ್ಮ ಅನುಭವಕ್ಕೆ ಬರುವುದೇ ಇಲ್ಲ. ಉಳಿಯುವುದು ಈ ಹೆಚ್ಚು-ಕಡಿಮೆ ಮಾತ್ರ.

ಮಳೆಗಾಲದ ಹೊಳೆಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ತೆಂಗಿನಕಾಯಿಗಳು ತೇಲಿಹೋಗುತ್ತಿವೆ ಎಂದುಕೊಳ್ಳಿ. ಹೊಳೆ ಮುಂದೆ ಹೋದಂತೆ ಹೆಚ್ಚು ರಭಸವಾಗುತ್ತದೆ. ಮುಂದಿನ ಕಾಯಿ ನಡುವಿನದಕ್ಕಿಂತ ವೇಗವಾಗಿ ಸಾಗುತ್ತದೆ, ನಡುವಿನದು ಹಿಂದಿನದಕ್ಕಿಂತ ವೇಗವಾಗಿ. ದಡದಲ್ಲಿ ನಿಂತವರಿಗೆ ಮೂರೂ ಒಂದೇ ದಿಕ್ಕಿಗೆ ಹೋಗುತ್ತಿರುವುದು ಕಾಣುತ್ತದೆ. ನಡುವಿನ ಕಾಯಿಯ ಮೇಲೆ ಕುಳಿತ ಇರುವೆಗೆ ಮಾತ್ರ ಒಂದು ಕಾಯಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತನ್ನಿಂದ ದೂರ ಸರಿಯುತ್ತಿರುವಂತೆ ತೋರುತ್ತದೆ. ಭೂಮಿಯ ಮೇಲಿರುವ ನಾವು ಆ ಇರುವೆಯ ಸ್ಥಾನದಲ್ಲಿದ್ದೇವೆ. ಚಂದ್ರನ ಕಡೆಯ ನೀರು ಭೂಮಿಗಿಂತ ಮುಂದೆ ಜಗ್ಗಲ್ಪಡುತ್ತದೆ, ಆಚೆ ಕಡೆಯ ನೀರು ಭೂಮಿಗಿಂತ ಹಿಂದೆ ಉಳಿಯುತ್ತದೆ. ಎರಡೂ ಕಡೆ ಉಬ್ಬು. ಭೂಮಿ ತಿರುಗುತ್ತಾ ನಮ್ಮ ಕರಾವಳಿಯನ್ನು ಆ ಎರಡು ಉಬ್ಬುಗಳ ಮೂಲಕ ಹಾಯಿಸುವುದರಿಂದ ದಿನಕ್ಕೆ ಎರಡು ಉಬ್ಬರ. ಚಂದ್ರನ ದಾರಿ ಭೂಮಧ್ಯರೇಖೆಗೆ ಓರೆಯಾಗಿರುವ ಕಾರಣ ಈ ಎರಡು ಉಬ್ಬುಗಳ ಒಂದೇ ಎತ್ತರದ ಭಾಗದಲ್ಲಿ ನಾವು ಹಾದುಹೋಗುವುದಿಲ್ಲ. ಮಂಗಳೂರಿನಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಾಮಾನ್ಯವಾಗಿ ಸಮನಾಗಿರದೆ ಒಂದು ದೊಡ್ಡದು, ಒಂದು ಸಣ್ಣದು ಆಗಿರುವುದಕ್ಕೆ ಮುಖ್ಯ ಕಾರಣ ಇದೇ.

ಸೂರ್ಯನ ಪ್ರಶ್ನೆಯೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಸೂರ್ಯನ ಸೆಳೆತ ದೊಡ್ಡದು, ಆದರೆ ಸುಮಾರು 15 ಕೋಟಿ ಕಿಲೋಮೀಟರ್ ದೂರದಿಂದ ನೋಡಿದರೆ ಭೂಮಿಯ ಈಚೆ ಬದಿಗೂ ಕೇಂದ್ರಕ್ಕೂ ನಡುವಿನ ಅಂತರ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಸೆಳೆತದಲ್ಲಿ ಬರುವ ಹೆಚ್ಚಳ ಶೇಕಡ 0.0085 ಮಾತ್ರ. ಸೆಳೆತವು ದೂರದ ವರ್ಗಕ್ಕೆ ತಕ್ಕಂತೆ ಇಳಿದರೆ ಸೆಳೆತದ ಏರುಪೇರು ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ: ದೂರ ಎರಡು ಪಟ್ಟಾದರೆ ಎಂಟನೆಯ ಒಂದು, ಮೂರು ಪಟ್ಟಾದರೆ ಇಪ್ಪತ್ತೇಳನೆಯ ಒಂದು. ಸೂರ್ಯನ ದ್ರವ್ಯರಾಶಿ ಚಂದ್ರನದಕ್ಕಿಂತ ಸುಮಾರು 2.7 ಕೋಟಿ ಪಟ್ಟು, ದೂರ ಸುಮಾರು 390 ಪಟ್ಟು. 390ರ ಘನ ಸುಮಾರು 5.9 ಕೋಟಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.46 ಬರುತ್ತದೆ. ಸೂರ್ಯನ ಉಬ್ಬರ ಚಂದ್ರನದಕ್ಕೆ ಹೋಲಿಸಿದರೆ ಶೇಕಡ 46ರಷ್ಟು ಎಂಬುದು ಹೀಗೆ ಒಂದು ಸಾಲಿನ ಲೆಕ್ಕ.

ಹುಣ್ಣಿಮೆ ಮತ್ತು ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎರಡೂ ಉಬ್ಬರಗಳು ಕೂಡಿಕೊಳ್ಳುತ್ತವೆ; ಅಷ್ಟಮಿಯ ಆಸುಪಾಸಿನಲ್ಲಿ ಅಡ್ಡಡ್ಡ ನಿಲ್ಲುವುದರಿಂದ ಒಂದು ಇನ್ನೊಂದನ್ನು ತಗ್ಗಿಸುತ್ತದೆ. ಒಂದಕ್ಕೆ 0.46 ಕೂಡಿಸಿದರೆ 1.46, ಕಳೆದರೆ 0.54. ಕಡಲು ಇದಕ್ಕೆ ತಕ್ಷಣ ಸ್ಪಂದಿಸುವುದಿಲ್ಲ, ಅತಿ ದೊಡ್ಡ ಉಬ್ಬರ ಸಾಮಾನ್ಯವಾಗಿ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಬರುತ್ತದೆ. ನಮ್ಮ ಪಂಚಾಂಗ ಈ ವಿಷಯದಲ್ಲಿ ಬಹಳ ಉಪಯುಕ್ತವಾದುದು. ತಿಥಿ ಎಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ಮುಂದೆ ಹೋಗಲು ಬೇಕಾಗುವ ಕಾಲ. ಇಡೀ ಸುತ್ತಿನ 360 ಡಿಗ್ರಿಗೆ 24 ಗಂಟೆಯಾದರೆ 12 ಡಿಗ್ರಿಗೆ 48 ನಿಮಿಷ, ಅಂದರೆ ಸರಿಯಾಗಿ ಎರಡು ಘಳಿಗೆ. ಒಂದು ತಿಥಿ ಕಳೆದರೆ ಚಂದ್ರೋದಯವೂ ಅದರೊಂದಿಗೆ ಉಬ್ಬರವೂ ಸರಾಸರಿ ಎರಡು ಘಳಿಗೆ ತಡವಾಗುತ್ತವೆ. ಹದಿನೈದು ತಿಥಿಗಳಿಗೆ ಮೂವತ್ತು ಘಳಿಗೆ, ಎಂದರೆ ಹನ್ನೆರಡು ಗಂಟೆ. ದಿನಕ್ಕೆ ಎರಡು ಉಬ್ಬರಗಳಿರುವುದರಿಂದ ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ಮತ್ತೆ ಹುಣ್ಣಿಮೆಯ ಗಂಟೆಗೇ ಬಂದು ನಿಲ್ಲುತ್ತದೆ. ತಿಥಿ ನೋಡಿ ನೀರಿನ ಹೊತ್ತು ಹೇಳುವ ಹಿರಿಯ ಮೀನುಗಾರರ ಜ್ಞಾನದ ಹಿಂದೆ ಇರುವುದು ಈ ನಿಖರವಾದ ಆಕಾಶಗಣಿತ. ಚಂದ್ರನ ಕಕ್ಷೆ ದೀರ್ಘವೃತ್ತವಾದುದರಿಂದ ಅವನ ದೂರ ಸುಮಾರು 3.63 ಲಕ್ಷದಿಂದ 4.05 ಲಕ್ಷ ಕಿಲೋಮೀಟರಿನವರೆಗೆ ಬದಲಾಗುತ್ತದೆ; ಘನದ ನಿಯಮದಿಂದಾಗಿ ಅತಿ ಹತ್ತಿರದಲ್ಲಿರುವಾಗಿನ ಉಬ್ಬರ ಬಲ ಅತಿ ದೂರದಲ್ಲಿರುವಾಗಿನದಕ್ಕಿಂತ ಸುಮಾರು ಶೇಕಡ 40ರಷ್ಟು ಹೆಚ್ಚು.

ಇಲ್ಲಿಯವರೆಗಿನ ವಿವರಣೆ ಬಲದ್ದು, ನೀರಿನದ್ದಲ್ಲ. ಉಬ್ಬರ ಬಲವು ಭೂಮಿಯ ಗುರುತ್ವದ ಸುಮಾರು 90 ಲಕ್ಷದಲ್ಲಿ ಒಂದು ಭಾಗ ಮಾತ್ರ. ಅಷ್ಟು ದುರ್ಬಲವಾದ ಬಲ ನೀರನ್ನು ನೇರವಾಗಿ ಮೇಲಕ್ಕೆತ್ತಲಾರದು. ಸಾವಿರಾರು ಕಿಲೋಮೀಟರ್ ಹರಡಿರುವ ಸಾಗರದಲ್ಲಿ ನೀರನ್ನು ಅಡ್ಡಡ್ಡವಾಗಿ, ಅತಿ ಮೆಲ್ಲಗೆ ಜಾರಿಸಿ ಒಂದೆಡೆ ಒಟ್ಟುಮಾಡಲು ಅದಕ್ಕೆ ಸಾಧ್ಯವಾಗುತ್ತದೆ. ನಿಜವಾದ ಸಾಗರದಲ್ಲಿ ಉಬ್ಬು ಚಂದ್ರನ ಕೆಳಗೇ ಇರುವುದೂ ಇಲ್ಲ. ನಾಲ್ಕು ಕಿಲೋಮೀಟರ್ ಆಳದ ನೀರಿನಲ್ಲಿ ಅಂಥ ಉದ್ದನೆಯ ಅಲೆ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲದು, ಆದರೆ ಭೂಮಧ್ಯರೇಖೆಯಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ. ಅಲೆ ಚಂದ್ರನನ್ನು ಹಿಂಬಾಲಿಸಲಾರದೆ ಖಂಡಗಳಿಗೆ ಬಡಿದು, ಮರಳಿ, ಸಾಗರದ ಆಕಾರಕ್ಕೆ ತಕ್ಕಂತೆ ಸುತ್ತುತ್ತದೆ. ಉಬ್ಬರವನ್ನು ಹೀಗೆ ಚಲಿಸುವ ಅಲೆಯಾಗಿ ಮೊದಲು ಗಣಿತಕ್ಕಿಳಿಸಿದವರು ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಲಾಪ್ಲಾಸ್. ಮಂಗಳೂರಿನಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು ಇದ್ದರೆ, ಅದೇ ಅರಬ್ಬಿ ಕಡಲಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರಿನಷ್ಟಾಗಬಹುದು. ಚಂದ್ರ ಎರಡೂ ಕಡೆ ಒಬ್ಬನೇ. ಉತ್ತರಕ್ಕೆ ಹೋದಂತೆ ಅಗಲವಾಗುವ ಕಡಲಿನ ಆಳವಿಲ್ಲದ ಅಂಚು ಮತ್ತು ಕಿರಿದಾಗುತ್ತಾ ಹೋಗುವ ಕೊಲ್ಲಿಯ ಬಾಯಿ ನೀರನ್ನು ಒತ್ತಿ ಎತ್ತರಿಸುತ್ತವೆ.

ಸಾಮಾನ್ಯವಾಗಿ ಬೆರೆತುಹೋಗುವ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಉಳ್ಳಾಲ, ಸೋಮೇಶ್ವರದ ದಡವನ್ನು ಕೊರೆಯುವ ಅಲೆಗಳನ್ನು ಎಬ್ಬಿಸುವುದು ಮುಂಗಾರಿನ ಗಾಳಿ, ಚಂದ್ರನಲ್ಲ. ಆದರೆ ಆ ಅಲೆಗಳ ಅಬ್ಬರವೂ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರವೂ ಒಟ್ಟಿಗೆ ಬಂದರೆ ಅಲೆಗಳು ಹೆಚ್ಚು ಎತ್ತರದಿಂದ ಹೊರಟು ಹೆಚ್ಚು ಒಳಕ್ಕೆ ತಲಪುತ್ತವೆ. ಕಡಲ್ಕೊರೆತದ ಭೀತಿಯಲ್ಲಿರುವ ಮನೆಗಳವರಿಗೆ ತಿಥಿಯ ತಿಳಿವಳಿಕೆ ಹವಾಮಾನ ಮುನ್ಸೂಚನೆಯಷ್ಟೇ ಮುಖ್ಯ.

ಏರುಪೇರಾದ ಸೆಳೆತಕ್ಕೆ ನೀರಷ್ಟೇ ಅಲ್ಲ, ಗಟ್ಟಿ ನೆಲವೂ ಮಣಿಯುತ್ತದೆ. ಮಂಗಳೂರಿನ ಮುರಕಲ್ಲಿನ ಗುಡ್ಡಗಳು, ಅವುಗಳ ಮೇಲಿನ ಮನೆಗಳು, ನಾವು ಎಲ್ಲರೂ ಒಟ್ಟಿಗೇ ದಿನಕ್ಕೆ ಎರಡು ಬಾರಿ ಸುಮಾರು 30 ಸೆಂಟಿಮೀಟರಿನಷ್ಟು ಏರಿ ಇಳಿಯುತ್ತೇವೆ. ಸುತ್ತಲಿನ ಎಲ್ಲವೂ ಜೊತೆಗೇ ಏರುವುದರಿಂದ ಅದು ತಿಳಿಯುವುದಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಹಿಂದೆ ಇದ್ದ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕದ ಸುತ್ತಳತೆ ಈ ನೆಲದ ಉಬ್ಬರದಿಂದ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು, ಕಣಗಳ ಶಕ್ತಿಯನ್ನು ಅಳೆಯುವಾಗ ವಿಜ್ಞಾನಿಗಳು ಚಂದ್ರನ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಭೂಮಿ ಚಂದ್ರನಿಗಿಂತ ವೇಗವಾಗಿ ತಿರುಗುವುದರಿಂದ ಉಬ್ಬು ಚಂದ್ರನಿಗಿಂತ ಸ್ವಲ್ಪ ಮುಂದಕ್ಕೆ ಒಯ್ಯಲ್ಪಡುತ್ತದೆ. ಆ ಉಬ್ಬಿನ ಸೆಳೆತ ಚಂದ್ರನನ್ನು ಅವನ ದಾರಿಯಲ್ಲಿ ಮುಂದಕ್ಕೆ ಎಳೆದು ಮೇಲಿನ ಕಕ್ಷೆಗೆ ಏರಿಸುತ್ತದೆ. ಪ್ರತಿಯಾಗಿ ಚಂದ್ರ ಭೂಮಿಯ ತಿರುಗುವಿಕೆಯನ್ನು ತಡೆಯುತ್ತಾನೆ. ಅಪೊಲೋ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ ಅಳೆದಾಗ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿರುವುದು ಗೊತ್ತಾಗಿದೆ. ನಮ್ಮ ದಿನವು ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. ಅತ್ಯಲ್ಪವೆಂದು ತೋರುವ ಈ ಬದಲಾವಣೆ ದಿನದಿನವೂ ಕೂಡುತ್ತಾ ಬರುವುದರಿಂದ, ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬ್ಯಾಬಿಲೋನಿಯಾದವರು ಬರೆದಿಟ್ಟ ಗ್ರಹಣಗಳ ಹೊತ್ತು ಇಂದಿನ ದಿನದ ಉದ್ದವನ್ನು ಹಿಡಿದು ಲೆಕ್ಕ ಹಾಕಿದರೆ ಗಂಟೆಗಳಷ್ಟು ತಪ್ಪುತ್ತದೆ. ಭೂಮಿಯೂ ಚಂದ್ರನ ಮೇಲೆ ಇದನ್ನೇ, ಇನ್ನೂ ಪ್ರಬಲವಾಗಿ ಮಾಡಿದೆ: ಚಂದ್ರನ ಸ್ವಂತ ತಿರುಗುವಿಕೆ ಬಹು ಹಿಂದೆಯೇ ನಿಧಾನವಾಗಿ ಕಕ್ಷೆಯ ಸುತ್ತಿಗೆ ಸಮನಾಗಿದೆ. ಚಂದ್ರನ ಒಂದೇ ಮುಖ ನಮಗೆ ಕಾಣುವುದು ಆ ಕಾರಣದಿಂದ.

ಸೌರಮಂಡಲದ ಬೇರೆಡೆಗಳಲ್ಲಿ ಈ ಬಲ ಉಗ್ರರೂಪ ತಾಳುತ್ತದೆ. ಗುರುಗ್ರಹದ ಚಂದ್ರನಾದ ಅಯೋ ನಮ್ಮ ಚಂದ್ರನಷ್ಟೇ ಗಾತ್ರದ್ದು, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಸುತ್ತುವಂಥದು, ಆದರೆ ಸುತ್ತುತ್ತಿರುವುದು ಭೂಮಿಗಿಂತ 318 ಪಟ್ಟು ಭಾರದ ಗ್ರಹವನ್ನು. ಯುರೋಪಾ ಮತ್ತು ಗ್ಯಾನಿಮೀಡ್ ಎಂಬ ನೆರೆಯ ಚಂದ್ರಗಳು ಅದರ ಕಕ್ಷೆಯನ್ನು ಪೂರ್ಣ ವೃತ್ತವಾಗಲು ಬಿಡದ ಕಾರಣ ಅಯೋ ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಹೋಗುತ್ತಾ ಅದರ ಇಡೀ ಒಡಲು ಹಿಂಡಿ ಬಿಡಲ್ಪಡುತ್ತದೆ. ಆ ಹಿಂಡಾಟದ ಬಿಸಿಗೆ ಒಳಗಿನ ಬಂಡೆ ಕರಗುವುದೆಂದು ಮೂವರು ವಿಜ್ಞಾನಿಗಳು 1979ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ ಕೆಲವೇ ದಿನಗಳಲ್ಲಿ ವೊಯೇಜರ್ 1 ನೌಕೆ ಅಲ್ಲಿ ಉರಿಯುವ ಜ್ವಾಲಾಮುಖಿಗಳನ್ನು ಕಂಡಿತು. ವಿಜ್ಞಾನದ ಇತಿಹಾಸದಲ್ಲಿ ಮುನ್ಸೂಚನೆ ಇಷ್ಟು ಬೇಗ ಫಲಿಸಿದ ಪ್ರಸಂಗಗಳು ವಿರಳ. ಇನ್ನೂ ಹತ್ತಿರ ಹೋದರೆ ಏರುಪೇರಿನ ಜಗ್ಗಾಟ ಕಾಯದ ಸ್ವಂತ ಗುರುತ್ವವನ್ನೇ ಮೀರಿ ಅದನ್ನು ಒಡೆಯುತ್ತದೆ. ಆ ಅಂಚಿಗೆ ರೋಶ್ ಮಿತಿ ಎಂದು ಹೆಸರು. ಶನಿಯ ಮುಖ್ಯ ಬಳೆಗಳು ಈ ಮಿತಿಯ ಒಳಗಿರುವುದರಿಂದ ಅಲ್ಲಿನ ಹಿಮದ ತುಣುಕುಗಳು ಒಂದುಗೂಡಿ ಚಂದ್ರನಾಗಲಾರವು. 1992ರಲ್ಲಿ ಗುರುವಿನ ತೀರ ಹತ್ತಿರ ಹಾದುಹೋದ ಶೂಮೇಕರ್-ಲೆವಿ 9 ಧೂಮಕೇತು ಹೀಗೆಯೇ ಇಪ್ಪತ್ತಕ್ಕೂ ಹೆಚ್ಚು ತುಂಡುಗಳಾಗಿ, 1994ರ ಜುಲೈನಲ್ಲಿ ಒಂದೊಂದಾಗಿ ಗುರುವಿಗೆ ಅಪ್ಪಳಿಸಿತು.

ಒಡೆಯುವುದು ಗುರುತ್ವದ ಒಂದು ಮುಖ. ವಿಶ್ವವನ್ನು ಕಟ್ಟಿದ್ದೂ ಅದೇ, ಮತ್ತು ಅಲ್ಲಿಯೂ ಬೇಕಾದದ್ದು ಸಣ್ಣದೊಂದು ಏರುಪೇರು. ಪ್ರಕೃತಿಯ ಬಲಗಳಲ್ಲಿ ಗುರುತ್ವ ಅತಿ ದುರ್ಬಲವಾದುದು; ಎರಡು ಪ್ರೋಟಾನುಗಳ ನಡುವಿನ ವಿದ್ಯುತ್ ಬಲಕ್ಕೆ ಹೋಲಿಸಿದರೆ ಅವುಗಳ ಗುರುತ್ವ, ಒಂದರ ಮುಂದೆ ಮೂವತ್ತಾರು ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಸಣ್ಣದು. ಆದರೆ ವಿದ್ಯುತ್ತಿಗೆ ಧನ, ಋಣ ಎಂಬ ಎರಡು ಬಗೆಗಳಿರುವುದರಿಂದ ದೊಡ್ಡ ರಾಶಿಯಲ್ಲಿ ಅವು ಪರಸ್ಪರ ರದ್ದಾಗುತ್ತವೆ. ಗುರುತ್ವಕ್ಕೆ ಋಣವಿಲ್ಲ, ಅದು ಕೂಡುತ್ತಲೇ ಹೋಗುತ್ತದೆ. ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷಗಳಾಗಿದ್ದಾಗ ಹೊರಟು ಇಂದಿಗೂ ನಮ್ಮನ್ನು ತಲಪುತ್ತಿರುವ ಬೆಳಕನ್ನು ಅಳೆದರೆ ಆ ಕಾಲದ ವಿಶ್ವ ಎಲ್ಲೆಡೆ ಬಹುಪಾಲು ಒಂದೇ ಸಮ. ತಾಪದ ವ್ಯತ್ಯಾಸ ಲಕ್ಷದಲ್ಲಿ ಒಂದು ಭಾಗದಷ್ಟು ಮಾತ್ರ. ಸರಾಸರಿಗಿಂತ ಕೊಂಚ ದಟ್ಟವಾಗಿದ್ದ ಜಾಗ ಸುತ್ತಲಿನದನ್ನು ಕೊಂಚ ಹೆಚ್ಚು ಸೆಳೆಯಿತು, ಸೆಳೆದದ್ದರಿಂದ ಇನ್ನಷ್ಟು ದಟ್ಟವಾಯಿತು, ಇನ್ನಷ್ಟು ಸೆಳೆಯಿತು. 1,380 ಕೋಟಿ ವರ್ಷಗಳ ಈ ಬೆಳವಣಿಗೆಯ ಫಲವೇ ಗ್ಯಾಲಕ್ಸಿಗಳು, ನಕ್ಷತ್ರಗಳು, ನಾವು. ಸೂರ್ಯನ ಒಡಲಲ್ಲಿ ಒಳಕ್ಕೆ ಒತ್ತುವ ಗುರುತ್ವವೇ ಕೇಂದ್ರವನ್ನು ಸುಮಾರು 1.5 ಕೋಟಿ ಡಿಗ್ರಿಯವರೆಗೆ ಕಾಯಿಸಿ ಜಲಜನಕದ ಬೆಸುಗೆಗೆ ಅನುವು ಮಾಡಿಕೊಟ್ಟಿದೆ; ಆ ಬಿಸಿಯಿಂದ ಹುಟ್ಟುವ ಹೊರಮುಖದ ಒತ್ತಡ ಕುಸಿತವನ್ನು ತಡೆದಿದೆ.

ಈ ಕಟ್ಟೋಣಕ್ಕೆ ಕಣ್ಣಿಗೆ ಕಾಣುವ ದ್ರವ್ಯ ಸಾಲದು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಸಂಗಡಿಗರು ಗ್ಯಾಲಕ್ಸಿಗಳ ಹೊರ ಅಂಚಿನ ನಕ್ಷತ್ರಗಳ ವೇಗವನ್ನು ಅಳೆದಾಗ ಅವು ಒಳಗಿನ ನಕ್ಷತ್ರಗಳಷ್ಟೇ ವೇಗವಾಗಿ ಸುತ್ತುತ್ತಿದ್ದವು. ಕಾಣುವ ದ್ರವ್ಯದ ಸೆಳೆತ ಮಾತ್ರ ಇದ್ದಿದ್ದರೆ ಅಂಥ ವೇಗದಲ್ಲಿ ಅವು ಚದುರಿಹೋಗಬೇಕಿತ್ತು. ಸಾಮಾನ್ಯ ದ್ರವ್ಯದ ಐದು ಪಟ್ಟಿನಷ್ಟಿರುವ, ಬೆಳಕನ್ನು ಸೂಸದ ಕಪ್ಪುದ್ರವ್ಯ ಅಲ್ಲಿದೆ ಎಂಬುದು ಇಂದಿನ ಒಪ್ಪಿತ ತೀರ್ಮಾನ. ಅದು ಏನೆಂಬುದು ಮಾತ್ರ ಇನ್ನೂ ಪತ್ತೆಯಾಗಿಲ್ಲ. ಉಬ್ಬರ ಬಲ ಈ ಮಟ್ಟದಲ್ಲಿಯೂ ಕೆಲಸ ಮಾಡುತ್ತಿದೆ: ನಮ್ಮ ಕ್ಷೀರಪಥವು ಧನು ರಾಶಿಯ ದಿಕ್ಕಿನಲ್ಲಿರುವ ಒಂದು ಕಿರಿಯ ಗ್ಯಾಲಕ್ಸಿಯನ್ನು ಎಳೆದು ಸೀಳುತ್ತಿದ್ದು, ಅದರ ನಕ್ಷತ್ರಗಳು ಆಕಾಶದ ಸುತ್ತ ಉದ್ದನೆಯ ಪಟ್ಟಿಯಾಗಿ ಹರಡಿಕೊಂಡಿವೆ.

ಇನ್ನು ಐನ್‌ಸ್ಟೈನ್ ಅವರ ಕಡೆಗೆ. 1907ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ, ಎತ್ತರದಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕದ ಅನುಭವ ಇರುವುದಿಲ್ಲ ಎಂಬ ಯೋಚನೆ ಅವರಿಗೆ ಹೊಳೆಯಿತು. ಉಪಗ್ರಹದಲ್ಲಿ ಆಗುವುದೂ ಇದೇ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟ ಉಪಗ್ರಹ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿತ್ತು. ಅಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಶೇಕಡ 80ಕ್ಕಿಂತ ಹೆಚ್ಚು. ಕಕ್ಷೆಯಲ್ಲಿ ಗುರುತ್ವವಿಲ್ಲ ಎಂಬ ನಂಬಿಕೆ ತಪ್ಪು. ಗುರುತ್ವ ಇದೆ, ಉಪಗ್ರಹವೂ ಅದರೊಳಗಿನ ಎಲ್ಲವೂ ಒಟ್ಟಿಗೇ ಬೀಳುತ್ತಿರುವುದರಿಂದ ತೂಕ ಮಾತ್ರ ಇಲ್ಲ. ಬೀಳುವುದರಿಂದ ಗುರುತ್ವ ಅಳಿಸಿಹೋಗುವುದಾದರೆ ಅದು ನಿಜವಾದ ಬಲವೇ ಎಂದು ಐನ್‌ಸ್ಟೈನ್ ಕೇಳಿದರು.

ಬೀಳುತ್ತಿರುವ ಒಂದು ದೊಡ್ಡ ಕೋಣೆಯಲ್ಲಿ ನಾಲ್ಕು ಗುಂಡುಗಳನ್ನು ಬಿಡಲಾಗಿದೆ ಎಂದು ಭಾವಿಸಿ: ಎರಡು ಅಕ್ಕಪಕ್ಕ, ಎರಡು ಮೇಲೆ ಕೆಳಗೆ. ಅಕ್ಕಪಕ್ಕದವು ಎರಡೂ ಭೂಮಿಯ ಕೇಂದ್ರದ ಕಡೆಗೇ ಹೊರಟಿರುವುದರಿಂದ ಬೀಳುತ್ತಾ ಬೀಳುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಕೆಳಗಿನ ಗುಂಡು ಭೂಮಿಗೆ ಹೆಚ್ಚು ಹತ್ತಿರವಿರುವುದರಿಂದ ಮೇಲಿನದಕ್ಕಿಂತ ವೇಗವಾಗಿ ಬಿದ್ದು ದೂರವಾಗುತ್ತದೆ. ಕೋಣೆಯೊಳಗಿನ ವೀಕ್ಷಕನಿಗೆ ತೂಕ ಇಲ್ಲ, ಆದರೂ ಗುಂಡುಗಳ ಗುಂಪು ಒಂದು ದಿಕ್ಕಿಗೆ ಹಿಗ್ಗಿ ಅಡ್ಡಡ್ಡ ಕುಗ್ಗುವುದು ಅವನಿಗೆ ಕಾಣುತ್ತದೆ. ಇದು ಉಬ್ಬರದ ಆಕಾರವೇ. ಎಷ್ಟು ಬಿದ್ದರೂ ಅಳಿಸಲಾಗದೆ ಉಳಿಯುವ ಈ ಏರುಪೇರನ್ನೇ ಐನ್‌ಸ್ಟೈನ್ 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಲ್ಲಿ ದೇಶ-ಕಾಲದ, ಅಂದರೆ ಸ್ಥಳ ಮತ್ತು ಕಾಲ ಎರಡೂ ಸೇರಿದ ಹರವಿನ, ಬಾಗು ಎಂದು ಗುರುತಿಸಿದರು. ದ್ರವ್ಯವು ದೇಶ-ಕಾಲವನ್ನು ಬಾಗಿಸುತ್ತದೆ, ಬೀಳುವ ವಸ್ತುಗಳು ಆ ಬಾಗಿದ ದೇಶ-ಕಾಲದಲ್ಲಿ ಸಾಧ್ಯವಾದಷ್ಟು ನೇರವಾದ ದಾರಿಯಲ್ಲಿ ಸಾಗುತ್ತವೆ. ನ್ಯೂಟನ್ ಅವರ ನಿಯಮದಿಂದ ವಿವರಿಸಲಾಗದಿದ್ದ ಬುಧನ ಕಕ್ಷೆಯ ತಿರುವು, ಶತಮಾನಕ್ಕೆ 43 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3,600ನೆಯ ಒಂದು ಭಾಗ), ಈ ಸಿದ್ಧಾಂತದಿಂದ ಕರಾರುವಾಕ್ಕಾಗಿ ಬಂತು. ಕಾಲವೂ ಬಾಗುತ್ತದೆಂಬುದಕ್ಕೆ ಮಲ್ಪೆಯ ಮೀನುಗಾರಿಕಾ ದೋಣಿಗಳಲ್ಲಿರುವ ಜಿಪಿಎಸ್ ಸಾಕ್ಷಿ: ಎತ್ತರದ ಕಕ್ಷೆಯಲ್ಲಿ ಸೆಳೆತ ಕಡಿಮೆಯಿರುವುದರಿಂದ ಆ ಉಪಗ್ರಹಗಳ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ, ವೇಗದಿಂದಾಗಿ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಉಳಿಯುವ 38 ಮೈಕ್ರೋಸೆಕೆಂಡನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರುತ್ತಿತ್ತು.

ಬಾಗು ವಿಪರೀತವಾಗಿ, ಅಂಚು ದಾಟಿ ಒಳಹೊಕ್ಕ ಬೆಳಕೂ ಹೊರಬರಲಾರದ ಜಾಗವೇ ಕಪ್ಪುಕುಳಿ. ಅದರ ಅಂಚಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಬರುವ ಉತ್ತರ ಮೊದಲ ನೋಟಕ್ಕೆ ತಲೆಕೆಳಗಾದಂತೆ ತೋರುತ್ತದೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ಸಣ್ಣ ಕಪ್ಪುಕುಳಿಯ ಅಂಚಿನಲ್ಲಿ ಮನುಷ್ಯನ ತಲೆಗೂ ಪಾದಕ್ಕೂ ನಡುವಿನ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವದ ಎರಡು ಕೋಟಿ ಪಟ್ಟಿನಷ್ಟಿರುತ್ತದೆ. ಯಾವ ದೇಹವೂ, ಯಾವ ಲೋಹವೂ ಅಲ್ಲಿಯವರೆಗೆ ಇಡಿಯಾಗಿ ತಲಪದು. ನಮ್ಮ ಕ್ಷೀರಪಥದ ನಡುವಿನ, ಸುಮಾರು 43 ಲಕ್ಷ ಸೂರ್ಯರ ದ್ರವ್ಯರಾಶಿಯ ಕಪ್ಪುಕುಳಿಯ ಅಂಚಿನಲ್ಲಾದರೋ ಅದೇ ವ್ಯತ್ಯಾಸ ಅನುಭವಕ್ಕೇ ಬಾರದಷ್ಟು ಸಣ್ಣದು. ಕಪ್ಪುಕುಳಿ ದೊಡ್ಡದಾದಂತೆ ಅಂಚು ಕೇಂದ್ರದಿಂದ ದೂರ ಸರಿಯುತ್ತದೆ, ಮತ್ತು ಏರುಪೇರು ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಸೂರ್ಯನಿಗೂ ಚಂದ್ರನಿಗೂ ಹಾಕಿದ ಲೆಕ್ಕವೇ ಇಲ್ಲಿಯೂ ಸಲ್ಲುತ್ತದೆ. ಆದರೆ ನಕ್ಷತ್ರದ ಈಚೆ ಬದಿಗೂ ಆಚೆ ಬದಿಗೂ ನಡುವಿನ ಅಂತರ ಮನುಷ್ಯನ ಎತ್ತರಕ್ಕಿಂತ ಬಹಳ ದೊಡ್ಡದು; ಆದ್ದರಿಂದ ದೈತ್ಯ ಕಪ್ಪುಕುಳಿಗಳ ಹತ್ತಿರ ಸುಳಿದ ನಕ್ಷತ್ರಗಳು ಉಬ್ಬರ ಬಲಕ್ಕೆ ಸಿಕ್ಕಿ ಹರಿದುಹೋಗುವುದನ್ನು, ಆಗ ಚಿಮ್ಮುವ ಬೆಳಕನ್ನು ದೂರದ ಗ್ಯಾಲಕ್ಸಿಗಳಲ್ಲಿ ಖಗೋಳವಿಜ್ಞಾನಿಗಳು ಹಲವು ಬಾರಿ ಕಂಡಿದ್ದಾರೆ.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳನ್ನು ಪತ್ತೆಹಚ್ಚಲು ಕಟ್ಟಿದ ಅಮೆರಿಕದ ಲೈಗೋ ಉಪಕರಣಗಳು ಹಿಡಿದದ್ದು ಈ ಏರುಪೇರಿನ ಅಲೆಯನ್ನೇ. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಒಂದಾದಾಗ ಮೂರು ಸೂರ್ಯರಷ್ಟು ದ್ರವ್ಯರಾಶಿ ಗುರುತ್ವ ಅಲೆಗಳಾಗಿ ಹೊರಬಿತ್ತು. ಅಲೆ ಭೂಮಿಯನ್ನು ಹಾಯುವಾಗ ಒಂದು ದಿಕ್ಕನ್ನು ಹಿಗ್ಗಿಸಿ ಅದಕ್ಕೆ ಅಡ್ಡಲಾದ ದಿಕ್ಕನ್ನು ಕುಗ್ಗಿಸುತ್ತದೆ. ಅದಕ್ಕಾಗಿಯೇ ಲೈಗೋಗೆ ಲಂಬಕೋನದಲ್ಲಿರುವ, ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳಿವೆ. ಅಳೆದದ್ದು ಆ ತೋಳುಗಳ ಉದ್ದಗಳ ನಡುವಿನ ವ್ಯತ್ಯಾಸವನ್ನು, ಅದು ಪ್ರೋಟಾನಿನ ವ್ಯಾಸದ ನೂರಾರು ಭಾಗಗಳಲ್ಲಿ ಒಂದರಷ್ಟು. ಒಂದಾದ ಕಪ್ಪುಕುಳಿ ನೆಮ್ಮದಿಗೆ ಬರುವ ಮುನ್ನ ನಿರ್ದಿಷ್ಟ ಆವರ್ತದಲ್ಲಿ ಕಂಪಿಸಿ ಬೇಗನೆ ತಣ್ಣಗಾಗುತ್ತದೆ ಎಂದು 1970ರಲ್ಲಿಯೇ ತೋರಿಸಿದ್ದವರು ಕನ್ನಡಿಗರಾದ ಸಿ. ವಿ. ವಿಶ್ವೇಶ್ವರ. 2017ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಲೆಕ್ಕದ ಕಂಪನ ನಿಜವಾದ ಸಂಕೇತದ ಕೊನೆಯಲ್ಲಿ ದಾಖಲಾದದ್ದನ್ನು ಅವರು ನೋಡಿದರು ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಆ ಅಲೆ ಅಮೆರಿಕದ ಎರಡು ಲೈಗೋ ಕೇಂದ್ರಗಳನ್ನು ಸುಮಾರು ಏಳು ಮಿಲಿಸೆಕೆಂಡುಗಳ ಅಂತರದಲ್ಲಿ ತಲಪಿತ್ತು. ಅಲೆ ಬಂದ ದಿಕ್ಕನ್ನು ಗೊತ್ತುಮಾಡುವುದು ಮುಖ್ಯವಾಗಿ ಇಂಥ ಅಂತರಗಳಿಂದ, ಎರಡೇ ಕೇಂದ್ರಗಳಿದ್ದರೆ ಆಕಾಶದ ಬಹು ದೊಡ್ಡ ಪಟ್ಟಿಯೊಂದನ್ನು ತೋರಿಸಲು ಮಾತ್ರ ಸಾಧ್ಯ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ ಇಂಡಿಯಾ ಕೇಂದ್ರವನ್ನು ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಈಗಿರುವ ಕೇಂದ್ರಗಳಿಂದ ಅದು ಬಹಳ ದೂರದಲ್ಲಿರುವುದರಿಂದ, ಅದು ಕೆಲಸ ಆರಂಭಿಸಿದ ಮೇಲೆ ಅಲೆಯ ಮೂಲವನ್ನು ಇನ್ನಷ್ಟು ಕಿರಿದಾದ ಜಾಗಕ್ಕೆ ಇಳಿಸಿ, ಸಾಮಾನ್ಯ ದೂರದರ್ಶಕಗಳನ್ನು ಅದೇ ಕಡೆಗೆ ತಿರುಗಿಸಲು ಖಗೋಳವಿಜ್ಞಾನಿಗಳಿಗೆ ಸಾಧ್ಯವಾಗುತ್ತದೆ.